ಚಪ್ಪಾಳೆ ಎಷ್ಟು, ಕುರ್ಚಿ ಎಷ್ಟು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತು)



ಶಿಬಿರದವರು ನನಗೆ ಕೊಟ್ಟಿರೋ ವಿಷಯ, 'ರಾಜಕೀಯ ಭಾಷಣವನ್ನು ಹೇಗೆ ಕೇಳಬೇಕು' ಅಂತ. ಭಾಷಣ ಮಾಡೋದನ್ನ ಕಲಿಸೋರು ಬೇಕಾದಷ್ಟು ಜನ ಇದ್ದಾರೆ. ಕೇಳೋದನ್ನ ಕಲಿಸೋರು ಕಮ್ಮಿ. ನಮ್ಮ ಜನ ಶತಮಾನಗಳಿಂದ ಕೇಳುತ್ತಲೇ ಬಂದವರು. ಪುರಾಣ ಕೇಳಿದ್ವಿ, ಹರಿಕಥೆ ಕೇಳಿದ್ವಿ, ಅದೂ ಗುಡಿಯ ಹೊರಗಡೆ ನಿಂತು. ಓಟು ಬಂದ ಮೇಲೆ ಪೆಂಡಾಲಿನ ಒಳಗೆ ಕೂರಿಸಿ ಕೇಳಿಸಿದರು. ಈಗಲೂ ಯಾವುದೇ ಪಕ್ಷದ ಸಮಾವೇಶ ಅಂದ್ರೆ ಮೊದಲು ಬಸ್ಸು ಬರೋದು ಎಲ್ಲಿಗೆ? ಕೇರಿಗೆ, ಇಲ್ಲಾ ಹಾಸ್ಟೆಲ್ಲಿಗೆ. ನೀವೆಲ್ಲ ಆ ಬಸ್ಸು ಕಂಡವರೇ. ಹತ್ತಿದವರೂ ಇದ್ದೀರಿ.

ಆದ್ದರಿಂದ ಇವತ್ತು ಭಾಷಣಗಳ ಬಗ್ಗೇನೇ ಮಾತಾಡೋಣ. ಆದರೆ ನಮ್ಮೂರಿನವಲ್ಲ, ಅಮೆರಿಕದವು. ನಮ್ಮೂರಿನ ಭಾಷಣ ಅಂದ ಕೂಡಲೇ ನೀನು ಆ ಪಕ್ಷ, ನಾನು ಈ ಪಕ್ಷ ಅಂತ ಜಗಳ ಶುರುವಾಗುತ್ತೆ. ದೂರದ್ದು ಕೆಲವು ಸಲ ಹತ್ತಿರದ್ದಕ್ಕಿಂತ ಸ್ಪಷ್ಟವಾಗಿ ಕಾಣುತ್ತೆ. ಅಲ್ಲಿನ ಕಪ್ಪು ಜನರೂ ನಾವೂ ಪರಿಚಯ ಇಲ್ಲದವರಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ದೊಡ್ಡ ವಿದ್ವಾಂಸ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. ಅವರೂ ಉತ್ತರ ಕೊಟ್ಟಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ಅಲ್ಲಿನ ಬ್ಲ್ಯಾಕ್ ಪ್ಯಾಂಥರುಗಳ ಹೆಸರನ್ನೇ ತಗೊಂಡು ದಲಿತ ಪ್ಯಾಂಥರ್ ಕಟ್ಟಿದರು.

ಅಮೆರಿಕದಲ್ಲಿ ಎರಡು ದೊಡ್ಡ ಪಕ್ಷಗಳು. ನಾಲ್ಕು ವರ್ಷಕ್ಕೊಂದು ಸಲ ಒಂದೊಂದು ಪಕ್ಷವೂ ದೊಡ್ಡ ಅಧಿವೇಶನ ಮಾಡುತ್ತೆ. ಎಲ್ಲಾ ರಾಜ್ಯಗಳಿಂದ ಪ್ರತಿನಿಧಿಗಳು ಬಂದು ಅಧ್ಯಕ್ಷ ಪದವಿಗೆ ನಿಲ್ಲೋರು ಯಾರು ಅಂತ ತೀರ್ಮಾನಿಸ್ತಾರೆ. ಬ್ಯಾಂಡು, ಬಲೂನು, ಬಾವುಟ, ದಿನಗಟ್ಟಲೆ ಭಾಷಣ. ಡೆಮಾಕ್ರಟಿಕ್ ಪಕ್ಷದ ಅಂಥ ಅಧಿವೇಶನಗಳ ಹಳೆಯ ಭಾಷಣಗಳು ಈಗ ಫೋನಿನಲ್ಲೇ ಸಿಗ್ತವೆ. ನಾನು ಕೆಲವನ್ನ ನೋಡಿದೆ, ಕೆಲವನ್ನ ಬರೀ ಕೇಳಿದೆ. ಇಂಗ್ಲಿಷು ತೊಡಕಾದ ಕಡೆ ನಿಲ್ಲಿಸಿ ಮತ್ತೆ ಕೇಳಿದೆ. ನೋಡುಗನಾಗಿ ನನಗೆ ಅನ್ನಿಸಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಮೊದಲನೆಯ ದನಿ 1964ರದ್ದು. ಊರು ಅಟ್ಲಾಂಟಿಕ್ ಸಿಟಿ. ಆಗಸ್ಟ್ 22. ಮಾತಾಡಿದವರು ಫ್ಯಾನಿ ಲೂ ಹೇಮರ್.

ಈ ತಾಯಿ ಮಾತಾಡಿದ್ದು ದೊಡ್ಡ ವೇದಿಕೆ ಮೇಲಲ್ಲ. ಅಧಿವೇಶನ ಶುರುವಾಗೋ ಮೊದಲು ಯಾವ ಪ್ರತಿನಿಧಿಗಳು ನಿಜವಾದ ಪ್ರತಿನಿಧಿಗಳು ಅಂತ ಪರಿಶೀಲಿಸೋ ಒಂದು ಸಮಿತಿ ಕೂರುತ್ತೆ. ಅದರ ಮುಂದೆ ದೂರು ಹೇಳೋಕೆ ಬಂದಿದ್ದರು. ದೂರು ಏನು? ಮಿಸಿಸಿಪ್ಪಿ ರಾಜ್ಯದಿಂದ ಪಕ್ಷ ಕಳಿಸಿದ ಪ್ರತಿನಿಧಿಗಳೆಲ್ಲ ಬಿಳಿಯರು. ಕಪ್ಪು ಜನರಿಗೆ ಅಲ್ಲಿ ಪಕ್ಷದ ಸಭೆಗೂ ಪ್ರವೇಶ ಇಲ್ಲ, ಓಟಿನ ಪಟ್ಟಿಗೂ ಪ್ರವೇಶ ಇಲ್ಲ. ಅದಕ್ಕೆ ಅವರು ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಅಂತ ತಮ್ಮದೇ ಒಂದು ಸಂಘಟನೆ ಕಟ್ಟಿ, ತಾವೇ ಸಭೆ ನಡೆಸಿ, ತಾವೇ 68 ಪ್ರತಿನಿಧಿಗಳನ್ನ ಆರಿಸಿಕೊಂಡು ಬಂದಿದ್ದರು. ಆ ಬಿಳಿಯರಲ್ಲ, ನಾವು ನಿಜವಾದ ಪ್ರತಿನಿಧಿಗಳು ಅನ್ನೋದು ಅವರ ವಾದ.

ಹೇಮರ್ ಅವರ ತಂದೆತಾಯಿ ಹತ್ತಿ ಬೆಳೆಯೋ ಧಣಿಗಳ ಜಮೀನಿನಲ್ಲಿ ವಾರಕ್ಕೆ ಗೇಯೋ ಒಕ್ಕಲು. 20 ಮಕ್ಕಳಲ್ಲಿ ಇವರೇ ಕೊನೆಯವರು. ಆರು ವರ್ಷಕ್ಕೆ ಹತ್ತಿ ಬಿಡಿಸೋಕೆ ಹೋದವರು. 44 ವರ್ಷ ಆಗೋವರೆಗೂ ತಮ್ಮಂಥವರಿಗೆ ಓಟಿನ ಹಕ್ಕು ಇದೆ ಅನ್ನೋದೇ ಅವರಿಗೆ ತಿಳಿದಿರಲಿಲ್ಲ.

ಆಕೆ ಮಾತು ಶುರು ಮಾಡೋ ರೀತಿ ನೋಡಿ. ಕೋಗಿಲೆ ಇಲ್ಲ, ವಸಂತ ಇಲ್ಲ, 'ಈ ಮಹಾನ್ ದೇಶದ' ಅಂತ ಇಲ್ಲ. ನನ್ನ ಹೆಸರು ಇದು, ನನ್ನ ಮನೆ ನಂಬರು ಇದು, ಬೀದಿ ಇದು, ಊರು ಇದು, ಜಿಲ್ಲೆ ಇದು. ಅದೇ ಜಿಲ್ಲೆಯವರು ನಮ್ಮ ಸೆನೆಟರ್ ಸಾಹೇಬರು ಅಂತ ದೊಡ್ಡವರ ಹೆಸರನ್ನೂ ಸೇರಿಸ್ತಾರೆ. ಪೊಲೀಸ್ ಠಾಣೆಯಲ್ಲಿ ದೂರು ಬರೆಸಿದ ಹಾಗೆ. ಆಮೇಲೆ ಇನ್ನೊಂದು ಸಂಗತಿ ಗಮನಿಸಿದೆ. ತನ್ನ ಹೆಸರಿನ ಹಿಂದೆ 'ಮಿಸೆಸ್' ಅಂತ ತಾವೇ ಸೇರಿಸಿ ಹೇಳ್ತಾರೆ. ಆ ನಾಡಿನಲ್ಲಿ ಬಿಳಿಯರು ಕಪ್ಪು ಹೆಂಗಸನ್ನ, ಎಷ್ಟೇ ವಯಸ್ಸಾಗಿರಲಿ, ಬರೀ ಹೆಸರು ಹಿಡಿದು ಕೂಗೋರು. ನಮ್ಮ ಅಜ್ಜನನ್ನ ಗೌಡರ ಮನೆ ಚಿಕ್ಕ ಹುಡುಗ 'ಲೇ' ಅಂತ ಕೂಗೋ ಹಾಗೆ. ಆ ಒಂದು ಮಾತಿನಲ್ಲೇ ಅರ್ಧ ಭಾಷಣ ಮುಗೀತು ಅನ್ನಿಸ್ತು ನನಗೆ.

ಆಮೇಲೆ ನಡೆದದ್ದನ್ನ ನಡೆದ ಹಾಗೆ ಹೇಳ್ತಾ ಹೋಗ್ತಾರೆ. 1962ರ ಆಗಸ್ಟ್ 31ರಂದು 18 ಜನ ಬಸ್ಸಿನಲ್ಲಿ 26 ಮೈಲಿ ಹೋಗಿ ಓಟಿನ ಪಟ್ಟಿಗೆ ಹೆಸರು ಬರೆಸೋಕೆ ನಿಂತದ್ದು. ಬರುವಾಗ ದಾರಿಯಲ್ಲಿ ಪೊಲೀಸರು ಬಸ್ಸು ತಡೆದು, ಬಸ್ಸಿನ ಬಣ್ಣ ಸರಿಯಿಲ್ಲ ಅಂತ ಡ್ರೈವರ್ ಮೇಲೆ ಕೇಸು ಹಾಕಿದ್ದು. ನಗಬೇಡಿ. ಬಾವಿ ಮುಟ್ಟಿದ್ದಕ್ಕೆ ಕಳ್ಳತನದ ಕೇಸು ಹಾಕಿಸಿಕೊಂಡವರು ನಮ್ಮಲ್ಲೂ ಇದ್ದಾರೆ. ಸಂಜೆ ಮನೆಗೆ ಬಂದರೆ, 18 ವರ್ಷ ಗೇಯಿಸಿಕೊಂಡ ಧಣಿ ಹೇಳ್ತಾನೆ, ಅರ್ಜಿ ವಾಪಸ್ ತಗೋ, ಇಲ್ಲಾ ಜಮೀನು ಬಿಟ್ಟು ಹೋಗು ಅಂತ. ನಾನು ಹೆಸರು ಬರೆಸೋಕೆ ಹೋಗಿದ್ದು ನಿಮಗೋಸ್ಕರ ಅಲ್ಲ, ನನಗೋಸ್ಕರ ಅಂತ ಈಕೆ ಉತ್ತರ ಕೊಡ್ತಾರೆ. ಅವತ್ತು ರಾತ್ರಿಯೇ ಮನೆ ಬಿಡಬೇಕಾಯ್ತು. ಹತ್ತು ದಿನ ಕಳೆದ ಮೇಲೆ, ಇವರಿಗೆ ಆಸರೆ ಕೊಟ್ಟವರ ಮನೆಗೆ 16 ಗುಂಡು ಹಾರಿಸಿದರು.

1963ರ ಜೂನಿನಲ್ಲಿ ವಿನೋನಾ ಅನ್ನೋ ಊರಲ್ಲಿ ಹಿಡಿದು ಜೈಲಿಗೆ ಹಾಕಿದರು. ಪಕ್ಕದ ಕೋಣೆಯಿಂದ ಒಬ್ಬ ಹೆಣ್ಣುಮಗಳ ಚೀರಾಟ ಕೇಳಿಸುತ್ತೆ. 'ಎಸ್ ಸಾರ್' ಅನ್ನು, ಅನ್ನೋಕಾಗುತ್ತಾ ಇಲ್ವಾ, ಅಂತ ಹೊಡೀತಾ ಇದ್ದಾರೆ. ಗೆಳೆಯರೇ, 'ಬುದ್ಧೀ' ಅನ್ನಿಸಿಕೊಳ್ಳೋಕೆ ನಮ್ಮವರನ್ನ ಎಷ್ಟು ಹೊಡೆದಿದ್ದಾರೆ ಅನ್ನೋದು ನೆನಪಾಯ್ತು. ಆಮೇಲೆ ಹೇಮರ್ ಅವರ ಸರದಿ. ಪೊಲೀಸರು ಇಬ್ಬರು ಕಪ್ಪು ಕೈದಿಗಳನ್ನ ಕರೆಸಿ, ಕೈಗೆ ದೊಣ್ಣೆ ಕೊಟ್ಟು, ಒಬ್ಬ ಸುಸ್ತಾಗೋವರೆಗೆ ಹೊಡೆಸಿ, ಆಮೇಲೆ ಇನ್ನೊಬ್ಬನ ಕೈಯಿಂದ ಹೊಡೆಸಿದರು. ನಮ್ಮ ಕೈಯಿಂದಲೇ ನಮ್ಮವರನ್ನ ಹೊಡೆಸೋ ವಿದ್ಯೆ ಎಲ್ಲಾ ದೇಶದ ಧಣಿಗಳಿಗೂ ಗೊತ್ತು. ಈ ಭಾಗ ಕೇಳುವಾಗ ನಾನು ಎರಡು ಸಲ ನಿಲ್ಲಿಸಿದೆ.

ಕೊನೆಗೆ ಆಕೆ ಕೇಳೋದು ಒಂದೇ ಮಾತು. ನಾವು ಮರ್ಯಾದೆಯ ಮನುಷ್ಯರಾಗಿ ಬದುಕಬೇಕು ಅಂದಿದ್ದಕ್ಕೆ ದಿನಾ ಕೊಲೆ ಬೆದರಿಕೆ ಬರುತ್ತೆ, ಫೋನು ಎತ್ತಿಟ್ಟು ಮಲಗಬೇಕಾಗಿದೆ. ಸ್ವತಂತ್ರರ ನಾಡು ಅಂತೀರಲ್ಲ, ಆ ಅಮೆರಿಕ ಇದೇನಾ?

ಆಕೆ ಮಾತಾಡ್ತಾ ಇರೋವಾಗಲೇ ಅಧ್ಯಕ್ಷ ಲಿಂಡನ್ ಜಾನ್ಸನ್ ದಿಢೀರನೆ ಪತ್ರಿಕಾಗೋಷ್ಠಿ ಕರೆದರು. ಟಿವಿ ಕ್ಯಾಮರಾಗಳು ಈ ತಾಯಿಯನ್ನ ಬಿಟ್ಟು ಆ ಕಡೆ ತಿರುಗಿದವು. ಓದುಬರಹ ಹೆಚ್ಚು ಕಲಿಯದ ಒಬ್ಬ ಹತ್ತಿ ಬಿಡಿಸೋ ಹೆಂಗಸಿಗೆ ಅಮೆರಿಕದ ಅಧ್ಯಕ್ಷ ಹೆದರಿದ ಅಂತಲೇ ಅರ್ಥ. ಆದರೆ ರಾತ್ರಿಯ ಸುದ್ದಿಯಲ್ಲಿ ಟಿವಿಯವರು ಆಕೆಯ ಮಾತನ್ನ ಹಾಕಿದರು. ದೇಶ ಕೇಳಿತು.

ಈಗ ಲೆಕ್ಕಕ್ಕೆ ಬರೋಣ. ಇಷ್ಟೆಲ್ಲ ಕೇಳಿ, ಕಣ್ಣೀರು ಹಾಕಿ, ಪಕ್ಷ ಏನು ಕೊಟ್ಟಿತು? ಎರಡು ಕುರ್ಚಿ. 68 ಜನ ಬಂದಿದ್ದರು, ಎರಡು ಕುರ್ಚಿ. ಅದೂ ಮಿಸಿಸಿಪ್ಪಿಯ ಪ್ರತಿನಿಧಿಗಳಾಗಿ ಅಲ್ಲ, ಎಲ್ಲೋ ಸಾಮಾನ್ಯ ಲೆಕ್ಕದಲ್ಲಿ. ಆ ಇಬ್ಬರು ಯಾರಾಗಬೇಕು ಅನ್ನೋದನ್ನೂ ಪಕ್ಷದ ದೊಡ್ಡವರೇ ತೀರ್ಮಾನಿಸಿದ್ದರು. ಒಬ್ಬ ಕಪ್ಪು ಮುಖಂಡ, ಒಬ್ಬ ಬಿಳಿಯ ಪಾದ್ರಿ. ಹೇಮರ್ ಅವರ ಹೆಸರು ಅದರಲ್ಲಿ ಇರಲಿಲ್ಲ.

ಈ ರಾಜಿ ಮಾಡಿಸೋಕೆ ನಿಂತವರು ಯಾರು? ಹ್ಯೂಬರ್ಟ್ ಹಂಫ್ರಿ. ಇದೇ ಮನುಷ್ಯ 1948ರ ಅಧಿವೇಶನದಲ್ಲಿ ಕಪ್ಪು ಜನರ ಹಕ್ಕಿನ ಪರ ಎಂಥ ಭಾಷಣ ಮಾಡಿದ್ದರು ಅಂದ್ರೆ, ಆಮೇಲೆ ಮಿಸಿಸಿಪ್ಪಿ, ಅಲಬಾಮದ ಬಿಳಿಯ ಪ್ರತಿನಿಧಿಗಳು ಎದ್ದು ಹೊರಗೆ ಹೋಗಿದ್ದರು. 1964ರಲ್ಲಿ ಅವರಿಗೆ ಉಪಾಧ್ಯಕ್ಷ ಪದವಿ ಕಣ್ಣೆದುರಿಗಿತ್ತು. ನಿಮ್ಮ ಹುದ್ದೆ ದೊಡ್ಡದೋ, ನಮ್ಮ ಜನರ ಜೀವ ದೊಡ್ಡದೋ ಅಂತ ಹೇಮರ್ ಅವರ ಮುಖಕ್ಕೇ ಕೇಳಿದರಂತೆ. 1948ರ ಭಾಷಣ ಸುಳ್ಳು ಅಂತ ನಾನು ಹೇಳಲ್ಲ. ಭಾಷಣ ನಿಜವಾಗಿದ್ದರೂ ಕುರ್ಚಿ ಹಂಚೋ ದಿನ ಅದೇ ಮನುಷ್ಯ ಬೇರೆಯವನಾಗಬಹುದು. ಇದನ್ನ ನೆನಪಿಡಿ.

ಈ ಎರಡು ಕುರ್ಚಿಯ ಕಥೆ ಕೇಳಿದಾಗ ನನಗೆ ಪುಣೆ ಒಪ್ಪಂದ ನೆನಪಾಯ್ತು. 1932ರಲ್ಲಿ ಬಾಬಾಸಾಹೇಬರು ಪಡೆದಿದ್ದು ಪ್ರತ್ಯೇಕ ಮತದಾನದ ಹಕ್ಕು, ಅಂದ್ರೆ ನಮ್ಮ ಪ್ರತಿನಿಧಿಯನ್ನ ನಾವೇ ಆರಿಸೋ ಹಕ್ಕು. ಯರವಡಾ ಜೈಲಿನಲ್ಲಿ ಗಾಂಧಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಬಾಬಾಸಾಹೇಬರು ಸಹಿ ಹಾಕಬೇಕಾಯ್ತು. ಪ್ರಾಂತ್ಯಗಳ ಶಾಸನಸಭೆಗಳಲ್ಲಿ ಸ್ಥಾನಗಳೇನೋ 148ಕ್ಕೆ ಏರಿದವು. ಆದರೆ ನಾವು ನಾಲ್ಕು ಜನರನ್ನ ಮುಂದೆ ನಿಲ್ಲಿಸಬೇಕು, ಅವರಲ್ಲಿ ಗೆಲ್ಲೋರು ಯಾರು ಅನ್ನೋದನ್ನ ಎಲ್ಲರೂ ಸೇರಿ ಓಟು ಹಾಕಿ ತೀರ್ಮಾನಿಸಬೇಕು ಅಂತಾಯ್ತು. ಎಲ್ಲರೂ ಅಂದ್ರೆ ಹೆಚ್ಚಿನವರು ಸವರ್ಣೀಯರೇ. ಕುರ್ಚಿ ನಮ್ಮದು, ಆರಿಸೋ ಕೈ ಅವರದು. ಅಟ್ಲಾಂಟಿಕ್ ಸಿಟಿಯಲ್ಲಿ ನಡೆದದ್ದೂ ಇದೇ ಜಾತಿಯ ವ್ಯವಹಾರ. ಎಷ್ಟು ಕುರ್ಚಿ ಅನ್ನೋದು ಒಂದು ಪ್ರಶ್ನೆ. ಅದರಲ್ಲಿ ಕೂರೋರನ್ನ ಯಾರು ಆರಿಸ್ತಾರೆ ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ.

ಮಿಸಿಸಿಪ್ಪಿಯವರು ಎರಡು ಕುರ್ಚಿ ಬೇಡ ಅಂದರು. ಇಷ್ಟು ದೂರ ಬಂದದ್ದು ಎರಡು ಕುರ್ಚಿಗಲ್ಲ ಅಂದರು ಹೇಮರ್. ಬೇರೆಯವರ ಪಾಸು ಇಸ್ಕೊಂಡು ಸಭಾಂಗಣಕ್ಕೆ ನುಗ್ಗಿ ತಮ್ಮ ರಾಜ್ಯದ ಖಾಲಿ ಕುರ್ಚಿಗಳಲ್ಲಿ ಕೂತರು. ಮಾರನೇ ದಿನ ಬಂದು ನೋಡಿದರೆ ಕುರ್ಚಿಗಳನ್ನೇ ಎತ್ತಿಸಿಬಿಟ್ಟಿದ್ದರು. ಅವರು ಅಲ್ಲೇ ನಿಂತರು. ನನ್ನ ಕಣ್ಣಿಗೆ ಆ ಅಧಿವೇಶನದ ಎಲ್ಲಾ ಭಾಷಣಗಳಿಗಿಂತ ಆ ನಿಂತದ್ದೇ ದೊಡ್ಡ ಭಾಷಣ.

ಬರಿಗೈಯಲ್ಲಿ ಹೋದರು ಅಂತ ತಿಳೀಬೇಡಿ. ಇನ್ನು ಮುಂದೆ ಬಣ್ಣ ನೋಡಿ ಪ್ರತಿನಿಧಿಗಳನ್ನ ಹೊರಗಿಡೋ ರಾಜ್ಯಗಳಿಗೆ ಜಾಗ ಇಲ್ಲ ಅಂತ ಪಕ್ಷ ಆಗಲೇ ನಿಯಮ ಮಾಡಬೇಕಾಯ್ತು. 1965ರ ಆಗಸ್ಟ್ 6ರಂದು ಅದೇ ಜಾನ್ಸನ್ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದರು. ಅದಕ್ಕೂ ಮೊದಲು ಮಿಸಿಸಿಪ್ಪಿಯಲ್ಲಿ ಓಟಿನ ಪಟ್ಟಿಯಲ್ಲಿದ್ದ ಕಪ್ಪು ಜನ ನೂರಕ್ಕೆ ಸುಮಾರು 7. ಎರಡೇ ವರ್ಷದಲ್ಲಿ, 1967ರ ಹೊತ್ತಿಗೆ, ನೂರಕ್ಕೆ 60ರ ಹತ್ತಿರ. 1968ರ ಷಿಕಾಗೋ ಅಧಿವೇಶನದಲ್ಲಿ ಹೇಮರ್ ಪ್ರತಿನಿಧಿಯಾಗಿ ಒಳಗೆ ಬಂದಾಗ ಸಭೆಯೇ ಎದ್ದು ನಿಂತಿತು. ಆಕೆ ಅಲ್ಲಿಗೇ ತೃಪ್ತಿಪಡಲಿಲ್ಲ. ಓಟು ಸಿಕ್ಕರೂ ಹೊಟ್ಟೆ ಧಣಿಯ ಕೈಯಲ್ಲಿದ್ದರೆ ಆ ಓಟು ನಮ್ಮದಲ್ಲ ಅಂತ ತಿಳಿದು 1969ರಲ್ಲಿ ಸಹಕಾರಿ ಬೇಸಾಯ ಶುರು ಮಾಡಿದರು. ಭೂಮಿಯ ಪ್ರಶ್ನೆ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಎರಡನೆಯ ಭಾಷಣ 1976ರದ್ದು, ನ್ಯೂಯಾರ್ಕಿನಲ್ಲಿ. ಟೆಕ್ಸಾಸಿನ ಬಾರ್ಬರಾ ಜೋರ್ಡನ್. ಆ ಪಕ್ಷದ ಅಧಿವೇಶನದಲ್ಲಿ ಪ್ರಧಾನ ಭಾಷಣ ಮಾಡಿದ ಮೊದಲ ಕಪ್ಪು ಮಹಿಳೆ. ವಕೀಲೆ. ಒಂದೊಂದು ಅಕ್ಷರವನ್ನೂ ಕಲ್ಲಿನ ಮೇಲೆ ಕೆತ್ತಿದ ಹಾಗೆ ಆಡ್ತಾರೆ. 144 ವರ್ಷದಿಂದ ಈ ಪಕ್ಷ ಅಧಿವೇಶನ ನಡೆಸ್ತಿದೆ, ಇವತ್ತು ಮಾತ್ರ ಏನೋ ಬೇರೆ ಇದೆ, ಅದು ನಾನು ಇಲ್ಲಿ ನಿಂತಿರೋದು ಅನ್ನೋ ಅರ್ಥದ ಮಾತು. ಸಭೆ ಕುಣಿಯಿತು. ನನಗೂ ಮೈ ಜುಮ್ಮೆಂದಿತು. ಆದರೆ ಅಲ್ಲೇ ಒಂದು ಅನುಮಾನವೂ ಬಂತು. ಒಬ್ಬರು ವೇದಿಕೆ ಹತ್ತಿದರೆ ಕೇರಿಯೇ ಹತ್ತಿದ ಹಾಗೆ ತೋರಿಸೋದು ಪಕ್ಷಗಳಿಗೆ ಬಹಳ ಸುಲಭದ ಕೆಲಸ. ನಮ್ಮವರೊಬ್ಬರನ್ನ ಮಂತ್ರಿ ಮಾಡಿ, ಫೋಟೋ ಹಾಕಿಸಿ, ನಿಮಗೆ ಎಲ್ಲಾ ಕೊಟ್ಟಿದ್ದೀವಲ್ಲಪ್ಪ ಅನ್ನೋದನ್ನ ನಾವು ಕಂಡಿಲ್ವಾ? ಜೋರ್ಡನ್ ಅವರಿಗೆ ನ್ಯಾಯವಾಗಿ ಇದನ್ನೂ ಹೇಳಬೇಕು. ಅದಕ್ಕೂ ಒಂದು ವರ್ಷ ಮೊದಲೇ, 1975ರಲ್ಲಿ, ಮತದಾನ ಹಕ್ಕು ಕಾಯ್ದೆಯನ್ನ ತಮ್ಮ ಟೆಕ್ಸಾಸಿಗೂ, ಸ್ಪ್ಯಾನಿಷ್ ಆಡೋ ಬಡವರಿಗೂ ವಿಸ್ತರಿಸೋಕೆ ದುಡಿದಿದ್ದರು. ಆ ಕೆಲಸ ಇದ್ದಿದ್ದರಿಂದ ಆ ಮಾತಿಗೆ ತೂಕ.

ಮೂರನೆಯದು 1988ರ ಜುಲೈ, ಅಟ್ಲಾಂಟಾ. ಜೆಸ್ಸಿ ಜಾಕ್ಸನ್. ಕವಿತೆ ಬರೆಯೋ ನನ್ನಂಥವನನ್ನ ಈ ಭಾಷಣ ಪೂರಾ ಹಿಡಿದುಬಿಡ್ತು. ಜಾಕ್ಸನ್ ತಮ್ಮ ಅಜ್ಜಿಯ ಕೌದಿಯ ಕಥೆ ಹೇಳ್ತಾರೆ. ಕಂಬಳಿ ಕೊಳ್ಳೋ ಗತಿ ಇಲ್ಲ. ಉಣ್ಣೆ, ರೇಷ್ಮೆ, ಗೋಣಿತಾಟು, ಸಿಕ್ಕಿದ ಚಿಂದಿಯನ್ನೆಲ್ಲ ಗಟ್ಟಿ ದಾರದಲ್ಲಿ ಹೊಲಿದು ಅಜ್ಜಿ ಕೌದಿ ಮಾಡ್ತಾಳೆ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಹೇಳ್ತಾರೆ. ರೈತರೇ, ನೀವು ಕೇಳೋ ಬೆಲೆ ನ್ಯಾಯ, ಆದರೆ ನಿಮ್ಮ ತುಂಡೊಂದೇ ಸಾಲದು. ಕಾರ್ಮಿಕರೇ, ನಿಮ್ಮ ಕೂಲಿ ನ್ಯಾಯ, ನಿಮ್ಮ ತುಂಡೂ ಸಾಲದು. ಹೆಂಗಸರೇ, ವಿದ್ಯಾರ್ಥಿಗಳೇ, ಕಪ್ಪು ಜನರೇ, ನಿಮ್ಮದೂ ಸಾಲದು. ಎಲ್ಲ ಸೇರಿಸಿ ಹೊಲೀಬೇಕು.

ಇನ್ನೊಂದು ಕಡೆ ಬಾಲ್ಯ ನೆನೀತಾರೆ. ಹಬ್ಬದ ದಿನ ಮಧ್ಯಾಹ್ನ ಎಲ್ಲರ ಮನೆಯಲ್ಲಿ ಊಟ. ಇವರ ಮನೆಯಲ್ಲಿ ಇಲ್ಲ. ಅವ್ವ ಇನ್ನೊಬ್ಬರ ಮನೆಯ ಹಬ್ಬದ ಅಡುಗೆ ಮಾಡೋಕೆ ಹೋಗಿದ್ದಾಳೆ. ಸಂಜೆ ಬಸ್ಸಿಳಿದು ಅಲ್ಲಿ ಮಿಕ್ಕಿದ್ದನ್ನ ತಂದ ಮೇಲೆ, ರಾತ್ರಿ ಎಂಟರ ಹೊತ್ತಿಗೆ ಇವರಿಗೆ ಹಬ್ಬ. ಹೇಳಿ, ಇದು ಅಮೆರಿಕಾನಾ, ನಮ್ಮ ಕೇರೀನಾ? ಆಸ್ಪತ್ರೆಯಲ್ಲಿ ರೋಗಿಗಳ ಮೈ ಒರೆಸಿ, ಮಲದ ಪಾತ್ರೆ ತೊಳೆದು, ಹಾಸಿಗೆ ಹಾಸೋ ಹೆಣ್ಣುಮಕ್ಕಳು, ತಮಗೆ ಕಾಯಿಲೆ ಬಂದ ದಿನ ತಾವು ಹಾಸಿದ ಹಾಸಿಗೆಯಲ್ಲಿ ಮಲಗೋ ಹಾಗಿಲ್ಲ ಅಂತಾರೆ. ಬಡವರ ಬಗ್ಗೆ ಮಾತಾಡೋ ನೂರು ಭಾಷಣ ಕೇಳಿದ್ದೀವಿ. ಬಡವರ ಕೆಲಸವನ್ನ ಹೀಗೆ ಎಣಿಸಿ ಹೇಳೋರು ಅಪರೂಪ.

ಒಂದು ಕಡೆ ಮಾತ್ರ ನನ್ನ ಮನಸ್ಸು ಒಪ್ಪಲಿಲ್ಲ. ಅಧ್ಯಕ್ಷ ಪದವಿಗೆ ನಿಂತಿದ್ದ ಡುಕಾಕಿಸ್ ಅವರ ಹಿರಿಯರು ವಲಸೆಗಾರರ ಹಡಗಿನಲ್ಲಿ ಬಂದರು, ನನ್ನ ಹಿರಿಯರು ಗುಲಾಮರ ಹಡಗಿನಲ್ಲಿ ಬಂದರು, ಇವತ್ತು ಇಬ್ಬರೂ ಒಂದೇ ದೋಣಿಯಲ್ಲಿದ್ದೀವಿ ಅಂತಾರೆ. ಮಾತು ಚೆಂದ. ಆದರೆ ದೋಣಿ ಒಂದೇ ಆದರೂ ಹುಟ್ಟು ಯಾರ ಕೈಯಲ್ಲಿ? ಆ ವರ್ಷ ಜಾಕ್ಸನ್ ಅವರಿಗೆ ಪಕ್ಷದೊಳಗಿನ ಚುನಾವಣೆಯಲ್ಲಿ ಸುಮಾರು 70 ಲಕ್ಷ ಓಟು ಬಂದಿತ್ತು. ಸುಮಾರು 1,200 ಪ್ರತಿನಿಧಿಗಳು ಅವರ ಕಡೆ ಇದ್ದರು. ಉಪಾಧ್ಯಕ್ಷ ಸ್ಥಾನಕ್ಕೆ ಕರೆದದ್ದು ಯಾರನ್ನ? ಟೆಕ್ಸಾಸಿನ ಬಿಳಿಯ ಸೆನೆಟರ್ ಬೆಂಟ್ಸನ್ ಅವರನ್ನ. ಕೌದಿ ಹೊಲಿದವರು ಒಬ್ಬರು, ಹೊದ್ದವರು ಇನ್ನೊಬ್ಬರು.

ಆದರೆ ಟಿವಿಯಲ್ಲಿ ಕಾಣದ ಇನ್ನೊಂದು ಕೆಲಸ ಅಲ್ಲಿ ನಡೆದಿತ್ತು. ಜಾಕ್ಸನ್ ಕಡೆಯವರು ನಿಯಮದ ಪುಸ್ತಕ ಹಿಡಿದು ಕೂತಿದ್ದರು. ಒಂದು ರಾಜ್ಯದಲ್ಲಿ ಹೆಚ್ಚು ಓಟು ಪಡೆದವನು ಎಲ್ಲಾ ಪ್ರತಿನಿಧಿಗಳನ್ನೂ ಬಾಚಿಕೊಳ್ಳೋ ಪದ್ಧತಿ ಹೋಗಬೇಕು, ಓಟು ಎಷ್ಟೋ ಪ್ರತಿನಿಧಿಗಳೂ ಅಷ್ಟೇ ಆಗಬೇಕು ಅಂತ ಪಟ್ಟು ಹಿಡಿದರು. ಪಕ್ಷ ಒಪ್ಪಬೇಕಾಯ್ತು. ಇಪ್ಪತ್ತು ವರ್ಷ ಆದ ಮೇಲೆ, 2008ರಲ್ಲಿ, ಒಬಾಮ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ದೊಡ್ಡ ರಾಜ್ಯಗಳಲ್ಲಿ ಸೋತರೂ ತಮ್ಮ ಪಾಲಿನ ಪ್ರತಿನಿಧಿಗಳನ್ನ ಉಳಿಸಿಕೊಂಡು ಪಕ್ಷದ ಅಭ್ಯರ್ಥಿಯಾದದ್ದು ಇದೇ ನಿಯಮದಿಂದ. 2004ರ ಬಾಸ್ಟನ್ ಅಧಿವೇಶನದಲ್ಲಿ ಅವರು ಮಾಡಿದ ಭಾಷಣವನ್ನ ಎಲ್ಲರೂ ಹೊಗಳ್ತಾರೆ. 1988ರ ಆ ನಿಯಮವನ್ನ ನೆನೆಯೋರು ಕಮ್ಮಿ. ಭಾಷಣದಿಂದ ಹೆಸರು ಬಂತು, ನಿಯಮದಿಂದ ದಾರಿ ಬಂತು.

ಬಂದದ್ದು ಉಳಿಯುತ್ತೆ ಅಂತಲೂ ಇಲ್ಲ. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1965ರ ಕಾಯ್ದೆಯ ಒಂದು ಮುಖ್ಯ ಭಾಗವನ್ನೇ ತೆಗೆದುಹಾಕಿತು. ಏಟು ತಿಂದು ಬರೆಸಿದ ಕಾನೂನನ್ನ ಕಾಯೋ ಜನ ಇಲ್ಲದಿದ್ದರೆ ಮೆಲ್ಲಗೆ ಅಳಿಸ್ತಾರೆ.

ಗೆಳೆಯರೇ, ಈಗ ನಮ್ಮ ವಿಷಯ. ಸಮಾವೇಶಕ್ಕೆ ಹೋಗಬೇಡಿ ಅಂತ ನಾನು ಹೇಳಲ್ಲ. ರಾಜಕೀಯ ಕೆಟ್ಟದ್ದು ಅಂತ ನಮಗೆ ಉಪದೇಶ ಮಾಡೋರು ತಾವು ಮಾತ್ರ ಅದರಲ್ಲೇ ಬದುಕ್ತಾರೆ. ಹೋಗಿ. ಆದರೆ ತಲೆ ಎಣಿಸೋಕೆ ತಲೆಯಾಗಿ ಹೋಗಬೇಡಿ. ಅವರ ಬಸ್ಸಿನಲ್ಲಿ ಬೇಡ, ಅವರ ಬಿರಿಯಾನಿಗೆ ಬೇಡ. ಹಾಸ್ಟೆಲ್ಲಿನಿಂದ ಇಬ್ಬರನ್ನ ನೀವೇ ಆರಿಸಿ, ಚಂದಾ ಎತ್ತಿ ಕಳಿಸಿ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ವೇದಿಕೆಯಲ್ಲಿ ಎಷ್ಟು ಕುರ್ಚಿ, ಅದರಲ್ಲಿ ಯಾರು ಯಾರು, ಮುಂದಿನ ಸಾಲಲ್ಲಿ ಯಾರು, ಹಿಂದಿನ ಸಾಲಲ್ಲಿ ಯಾರು. ನಮ್ಮವರಿಗೆ ಮೈಕು ಸಿಕ್ಕಿದ್ದು ಎಷ್ಟು ಹೊತ್ತಿಗೆ, ಎಷ್ಟು ನಿಮಿಷ. ಬಾಬಾಸಾಹೇಬರ ಹೆಸರು ಎಷ್ಟು ಸಲ ಬಂತು, ಭೂಮಿ, ವಿದ್ಯಾರ್ಥಿವೇತನ, ಖಾಲಿ ಬಿದ್ದಿರೋ ಮೀಸಲು ಹುದ್ದೆ ಎಷ್ಟು ಸಲ ಬಂದವು. ಟಿಕೆಟ್ ಹಂಚೋ ಸಮಿತಿಯಲ್ಲಿ ನಮ್ಮವರು ಎಷ್ಟು, ಅವರನ್ನ ಅಲ್ಲಿ ಕೂರಿಸಿದ್ದು ಯಾರು. ಬರೆದುಕೊಂಡು ಬಂದು ರಾತ್ರಿ ಊಟ ಆದ ಮೇಲೆ ಎಲ್ಲರಿಗೂ ಓದಿ ಹೇಳಲಿ. ಒಂದು ವರ್ಷ ಬಿಟ್ಟು ಅದೇ ನೋಟ್‌ಬುಕ್ ತೆಗೆದು, ಕೊಟ್ಟ ಮಾತಿನಲ್ಲಿ ಯಾವುದು ಆದೇಶವಾಯ್ತು, ಯಾವುದು ಗಾಳಿಗೆ ಹೋಯ್ತು ಅಂತ ನೋಡಿ. ಅದನ್ನ ಹಿಡಿದುಕೊಂಡು ಆ ಪಕ್ಷದ ಕಚೇರಿಗೆ ಹೋಗಿ ನಿಲ್ಲಿ.

ನಿಮ್ಮಲ್ಲಿ ಮುಂದೆ ಮೈಕು ಹಿಡಿಯೋರೂ ಇದ್ದೀರಿ. ನಿಮಗೆ ಒಂದು ಮಾತು. ಹೇಮರ್ ಅವರ ಹಾಗೆ ಹೆಸರು, ಊರು, ಕೇರಿಯಿಂದ ಶುರು ಮಾಡಿ. ನಡೆದದ್ದನ್ನ ತಾರೀಖು ಸಮೇತ ಹೇಳಿ. ಅಲಂಕಾರ ಬೇಡ, ನಮ್ಮ ಬದುಕೇ ಸಾಕಷ್ಟು ಕೇಳಿಸುತ್ತೆ. ಅವರು ಚಪ್ಪಾಳೆ ತಟ್ಟಿದ ಕೂಡಲೇ ಕೆಳಗಿಳಿದು ಬರಬೇಡಿ. ಏನು ಕೊಡ್ತೀರಿ ಅಂತ ಕೇಳಿ. ಎರಡು ಕುರ್ಚಿ ಅಂದ್ರೆ, ಆರಿಸೋರು ಯಾರು ಅಂತ ಕೇಳಿ. ಕುರ್ಚಿ ಎತ್ತಿಟ್ಟರೆ ಅಲ್ಲೇ ನಿಲ್ಲಿ.

ಜೈ ಭೀಮ್.